ಎರಡು ಹತ್ತಕ್ಕೆ ಬಂದ ಗೆಳತಿ

ಹೋದ ಗುರುವಾರ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಹೊಳೆನರಸೀಪುರದ ನಮ್ಮ ಮನೆ. ಮನೆಯಲ್ಲಿದ್ದವರು ಇಬ್ಬರೇ: ನಾನು, ಮತ್ತು ಮದುವೆಯಾಗಿ ಬಂದು ನಾಲ್ಕು ತಿಂಗಳಾದ ನನ್ನ ಸೊಸೆ ಸಿಂಚನ. ಯಜಮಾನರು, ಮಗ ಇಬ್ಬರೂ ಹಾಸನಕ್ಕೆ ಹೋಗಿದ್ದರು, ವಾಪಸ್ಸು ಮರುದಿನವೇ.

ಕಾಲಿಂಗ್ ಬೆಲ್ ಸದ್ದಾಯಿತು.

ಎರಡರಿಂದ ನಾಲ್ಕು ನಮ್ಮ ಮನೆಯಲ್ಲಿ ವಿಶ್ರಾಂತಿಯ ಸಮಯ. ಕೋಣೆಯ ಬಾಗಿಲು ಹಾಕಿರಬೇಕು. ಟಿವಿ ಬಂದ್. ಫೋನು ಸೈಲೆಂಟ್. (ನನ್ನ ಟೈಮ್‌ಟೇಬಲ್ ಬಗ್ಗೆ ಹಿಂದೆ ಬರೆದಾಗ ನೀವು ಬೇಕಾದಷ್ಟು ನಕ್ಕಿದ್ದೀರಿ. ನಗಿ. ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳಿಗೆ ಗಡಿಯಾರ ಬಿಟ್ಟು ಬದುಕಲು ಬರುವುದಿಲ್ಲ.) ಸೊಸೆ ಅವಳ ಕೋಣೆಯಲ್ಲಿ ಮಲಗಿದ್ದಳು. ನಾನೇ ಎದ್ದು ಹೋಗಿ ಬಾಗಿಲು ತೆಗೆದೆ.

ಮೆಟ್ಟಿಲ ಮೇಲೆ ಒಬ್ಬಳು ಹುಡುಗಿ.

"ಸಿಂಚನ ಇದಾಳಾ ಆಂಟಿ? ನಾನು ಪದ್ಮಿನಿ. ಅವಳ ಫ್ರೆಂಡು."

ತಲೆಯಿಂದ ಕಾಲಿನವರೆಗೆ ನೋಡಿದೆ. ಹಳೆಯ ಅಭ್ಯಾಸ. ಕತ್ತಿನಲ್ಲಿ ತಾಳಿ. ಬಾಚದ ತಲೆ. ಕೈಯಲ್ಲಿ ಉಬ್ಬಿದ ಬಟ್ಟೆಯ ಬ್ಯಾಗು. ಎಡಗಾಲಿಗೆ ಕಪ್ಪು ಚಪ್ಪಲಿ, ಬಲಗಾಲಿಗೆ ನೀಲಿ ಹವಾಯಿ. ಇದೇನು ಅಶಿಸ್ತು ಎಂದುಕೊಂಡೆ. ನನ್ನ ಹಾಸ್ಟೆಲಿನಲ್ಲಾಗಿದ್ದರೆ ಗೇಟಿನಿಂದಲೇ ವಾಪಸ್ಸು.

"ಮಲಗಿದಾಳಮ್ಮ. ನಾಲ್ಕು ಗಂಟೆ ಮೇಲೆ ಬಾ."

"ಎಬ್ಬಿಸೋಕಾಗಲ್ವಾ ಆಂಟಿ?"

"ನಾಲ್ಕಕ್ಕೆ ಏಳ್ತಾಳೆ."

"ಸರಿ ಆಂಟಿ" ಎಂದಳು. ಮೆಟ್ಟಿಲಿಳಿದು ಹೋಗಿ ಗೇಟಿನ ಚಿಲಕವನ್ನು ಚೂರೂ ಸದ್ದಾಗದಂತೆ ಹಾಕಿದಳು. ಅಷ್ಟು ಮೆತ್ತಗೆ ಗೇಟು ಹಾಕುವವರನ್ನು ಕಂಡರೆ ನನಗೆ ಇಷ್ಟ. ಪರವಾಗಿಲ್ಲ, ಒಳ್ಳೆಯ ಹುಡುಗಿ ಎಂದುಕೊಂಡು ಬಂದು ಮಲಗಿದೆ. ನಿದ್ದೆಯೂ ಬಂತು.

ನಿದ್ದೆ ಬಂತು ಎಂಬುದನ್ನು ಬರೆಯಲು ಈಗ ನಾಚಿಕೆಯಾಗುತ್ತಿದೆ.

ನಾಲ್ಕಕ್ಕೆ ಕಾಫಿ. ಲೋಟ ಎತ್ತಿಕೊಳ್ಳುತ್ತಾ ಸಿಂಚನ ಕೇಳಿದಳು, "ಅತ್ತೆ, ಮಧ್ಯಾಹ್ನ ಯಾರಾದ್ರೂ ಬಂದಿದ್ರಾ?"

"ನಿನ್ನ ಫ್ರೆಂಡಂತೆ. ಪದ್ಮಿನಿ. ನಾಲ್ಕರ ಮೇಲೆ ಬಾ ಅಂದಿದೀನಿ."

"ಪದ್ಮಿನೀನಾ? ಕೊಣನೂರಿಂದ? ಒಬ್ಳೇನಾ?"

"ಒಬ್ಬಳೇ. ಮದುವೆಯಾದ ಹುಡುಗಿ, ಚಪ್ಪಲಿ ಕೂಡ ಸರಿಯಾಗಿ ಹಾಕಿರಲಿಲ್ಲ. ಒಂದು ಕಪ್ಪು, ಒಂದು ನೀಲಿ."

ನಾನು ಹೇಳಿದ್ದು ದೂರಿನ ಹಾಗೆ. ಅವಳು ಕೇಳಿದ್ದು ಬೇರೆಯ ಹಾಗೆ. ಲೋಟವನ್ನು ಕುಡಿಯದೆ ಕೆಳಗಿಟ್ಟಳು.

"ಅತ್ತೆ, ಅವಳು ಜಡೆ ರಿಬ್ಬನ್ನು ಸ್ಕೇಲಿಟ್ಟು ಅಳೆದು ಕಟ್ಟೋಳು. ಏನೋ ಆಗಿದೆ."

ಅವರ ಕಥೆ ಇಷ್ಟು. ಪದ್ಮಿನಿ ಶ್ರವಣಬೆಳಗೊಳದ ಪಕ್ಕದ ಜಿನನಾಥಪುರದ ಜೈನರ ಹುಡುಗಿ. ಸಿಂಚನಳದು ಅಲ್ಲೇ ಹತ್ತಿರದ ಹಳ್ಳಿ, ಬೇಸಾಯದ ಮನೆ. ಐದು ವರ್ಷ ಒಂದೇ ಬಸ್ಸು, ಒಂದೇ ಸೀಟು, ಚನ್ನರಾಯಪಟ್ಟಣದ ಒಂದೇ ಕಾಲೇಜು. ಎಂಟು ತಿಂಗಳ ಹಿಂದೆ ಪದ್ಮಿನಿಯನ್ನು ಅರಕಲಗೂಡು ಕಡೆಯ ಕೊಣನೂರಿಗೆ ಕೊಟ್ಟರು. ಗಂಡನ ಮನೆಯವರದು ಅಂಗಡಿ. ಇಷ್ಟು ನನಗೆ ಗೊತ್ತಿತ್ತು. ಮುಂದಿನದನ್ನು ಸಿಂಚನ ಅವತ್ತೇ ಹೇಳಿದ್ದು.

"ಎರಡು ತಿಂಗಳಿಂದ ಅವಳ ಹತ್ರ ಫೋನಿಲ್ಲ ಅತ್ತೆ. ಗಂಡನ ಫೋನಿಂದ ಮಾಡ್ತಾಳೆ, ಸ್ಪೀಕರ್ ಹಾಕಿ. ಪಕ್ಕದಲ್ಲಿ ಯಾರೋ ಕೂತಿರ್ತಾರೆ. ಹೇಗಿದೀಯೇ ಅಂದ್ರೆ 'ಚೆನ್ನಾಗಿದೀನಿ, ನೀವು ಹೇಗಿದೀರಾ' ಅಂತಾಳೆ. ನಂಗೆ! ನೀವು! ಐದು ವರ್ಷ ಗೂಬೆ ಅಂತ ಕರೆದೋಳು."

"ನನಗ್ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ ಅತ್ತೆ? ಫ್ರೆಂಡು ನಂಗೆ ನೀವು ಅಂದ್ಲು ಅಂತನಾ?"

ನಾಲ್ಕೂ ಹತ್ತಾಯಿತು. ನಾಲ್ಕೂ ಕಾಲಾಯಿತು. ಗೇಟು ಅಲ್ಲಾಡಲಿಲ್ಲ. ಆ ಗಂಡನ ಫೋನಿಗೆ ಮಾಡುವ ಹಾಗೂ ಇಲ್ಲ. ಹಾಸ್ಟೆಲಿನಲ್ಲಿ ಸಂಜೆಯ ಹಾಜರಿ ತೆಗೆಯುವಾಗ ಒಂದು ತಲೆ ಕಡಿಮೆಯಾದರೆ ಪುಸ್ತಕ ಕೈಯಲ್ಲಿ ಹಿಡಿದೇ ಗೇಟಿಗೆ ಹೋಗಿ ನಿಲ್ಲುತ್ತಿದ್ದೆ. ನಿವೃತ್ತಿಯಾದ ಮೇಲೆ ಅವತ್ತೇ ಮತ್ತೆ ಹಾಗೆ ಗೇಟಿಗೆ ಹೋಗಿ ನಿಂತೆ. ಆಗ ತಲೆ ಕಡಿಮೆಯಾದರೆ ಹೊರಗೆ ಹೋದವಳ ತಪ್ಪು. ಈಗ?

"ಸ್ಕೂಟಿ ತೆಗಿ" ಎಂದೆ. ಸೀರೆ ಬದಲಿಸಲಿಲ್ಲ. ಮನೆಯ ಸೀರೆಯಲ್ಲಿ ನಾನು ಬೀದಿಗಿಳಿದದ್ದು ಅದೇ ಮೊದಲು.

ಬಸ್ ಸ್ಟ್ಯಾಂಡು. ಹೂವು ಮಾರುತ್ತಿದ್ದ ಹೆಂಗಸನ್ನು ಕೇಳಿದೆವು.

"ಬ್ಯಾಗ್ ಮಡಿಕಂಡಿತ್ತಲ್ಲ, ಆ ಉಡ್ಗಿನಾ? ಇಲ್ಲೇ ಕುಂತಿತ್ತು ಕಣವ್ವ. ಅರಕಲಗೂಡ್ ಬಸ್ ಬಂತು, ಏಳ್ನಿಲ್ಲ. ಚನ್ರಾಯಪಟ್ಣದ್ ಬಸ್ ಬಂತು, ಅದುಕ್ಕೂ ಏಳ್ನಿಲ್ಲ. ಎಲ್ಲೀಗ್ ಓಗ್ಬೇಕವ್ವಾ ಅಂತ ಕೇಳ್ದೆ. ಅಳಾಕ್ ಸುರು ಮಾಡ್ತು. ಆಮೇಕೆ ಎದ್ದು ಒಳೆ ಕಡೀಕ್ ಓಯ್ತು."

ಹೊಳೆ ಕಡೆಗೆ.

ಕೊಣನೂರಿನ ಹತ್ತಿರ ಕಾವೇರಿ, ನಮ್ಮೂರಿನಲ್ಲಿ ಹೇಮಾವತಿ. ಇಷ್ಟು ವರ್ಷ ಇವೆರಡು ಹೆಸರು ನನಗೆ ತಂಪಾಗಿಯೇ ಕೇಳಿಸಿದ್ದವು. ಅವತ್ತು ಕಿವಿಯಲ್ಲಿ ಬೇರೆಯೇ ಆಗಿ ಕೇಳಿಸಿದವು. ಸ್ಕೂಟಿಯ ಹಿಂದೆ ಕೂತು ಸಿಂಚನಳ ಹೆಗಲು ಹಿಡಿದಿದ್ದೆ. ಬಾಯಿ ಬಿಟ್ಟರೆ ಇಬ್ಬರಿಗೂ ಆ ಮಾತೇ ಬರುತ್ತಿತ್ತು.

ದಡದ ಕಲ್ಲಿನ ಮೇಲೆ ಒಂದು ಬಟ್ಟೆಯ ಬ್ಯಾಗಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಪದ್ಮೀ" ಎಂದು ಸಿಂಚನ ಕೂಗಿದ ಕೂಗಿಗೆ ದಡದ ಕೊಕ್ಕರೆಗಳು ಎದ್ದು ಹಾರಿದವು. ನಾನು ನೀರನ್ನೇ ನೋಡುತ್ತಾ ನಿಂತೆ. ನೀರು ಏನನ್ನೂ ಹೇಳುವುದಿಲ್ಲ, ಅದೇ ಭಯ.

ಬಂಡೆಯ ಮರೆಯಿಂದ ಒಬ್ಬ ನಡುವಯಸ್ಸಿನವನು ತಲೆ ಒರೆಸಿಕೊಳ್ಳುತ್ತಾ ಎದ್ದು ಬಂದ. "ಯಾಕ್ರವ್ವ ಅಂಗ್ ಕಿರುಚ್ತೀರಿ? ಬ್ಯಾಗು ನಮ್ದು ಕಣ್ರವ್ವ. ಮೀಯಾಕ್ ಬಂದಿವ್ನಿ."

"ಇಲ್ಲಿಗೆ ಒಬ್ಬಳು ಹುಡುಗಿ..."

"ಬಂದಿತ್ತು, ಬಂದಿತ್ತು. ವಸಿ ಒತ್ತು ನೀರ್ ನೋಡ್ಕಂಡ್ ನಿಂತಿತ್ತು. ನಂಗೂ ಒಂಥರಾ ಆಯ್ತು, ಏನವ್ವಾ ಅಂದೆ. ಮಕ ತೊಳ್ಕಂಡು ಬಸ್ಟ್ಯಾಂಡ್ ಕಡೀಕ್ ತಿರ್ಗಾ ಓಯ್ತು."

ಆ ಮನುಷ್ಯನ ಹೆಸರು ಕೇಳಲು ನನಗೆ ಹೊಳೆಯಲಿಲ್ಲ. ಒಂದು "ಏನವ್ವಾ". ಬೇರೇನೂ ಅಲ್ಲ. ಎರಡು ಹತ್ತಕ್ಕೆ ನನ್ನ ಬಾಯಲ್ಲಿ ಯಾಕೆ ಬರಲಿಲ್ಲ ಅದು?

ಮತ್ತೆ ಬಸ್ ಸ್ಟ್ಯಾಂಡು. ಬೆಂಚುಗಳಲ್ಲಿಲ್ಲ. ಟಾಯ್ಲೆಟ್ ಕಡೆಯೂ ಇಲ್ಲ. ಕೊನೆಗೆ ಒಂದು ಮೂಲೆಯಲ್ಲಿ ನಿಂತಿದ್ದ ಹಳೇಕೋಟೆಯ ಖಾಲಿ ಬಸ್ಸಿನ ಕಿಟಕಿಯಲ್ಲಿ ಸಿಂಚನಳಿಗೆ ಆ ಬಾಚದ ತಲೆ ಕಂಡಿತು. ಸ್ಕೂಟಿಯನ್ನು ನನ್ನ ಕೈಗೆ ಬಿಟ್ಟು ಓಡಿದಳು. (ಸ್ಟ್ಯಾಂಡ್ ಹಾಕಲು ನನಗೆ ಬರುವುದಿಲ್ಲ. ಹೂವಿನವಳು ಬಂದು ಹಾಕಿದಳು.) ನಾನು ಹತ್ತುವಷ್ಟರಲ್ಲಿ ಬೈಗುಳ ನಡೆದಿತ್ತು.

"ಲೇ ಗೂಬೆ! ಹಳೇಕೋಟೆಲಿ ಯಾರೇ ಇದಾರೆ ನಿಂಗೆ? ನಿಮ್ಮಜ್ಜಿನಾ?"

"ಯಾರೂ ಇಲ್ಲ ಕಣೆ. ಬಸ್ಸು ಐದರ ತನಕ ನಿಲ್ಲುತ್ತೆ ಅಂದ್ರು. ಅದಕ್ಕೇ ಕೂತೆ."

ಕೂರಲು ಒಂದು ಜಾಗ. ಐದು ಗಂಟೆಯವರೆಗೆ. ಅಷ್ಟೇ ಅವಳು ಹುಡುಕಿಕೊಂಡಿದ್ದು.

"ನಾಲ್ಕಕ್ಕೆ ಯಾಕಮ್ಮ ಬರಲಿಲ್ಲ?" ಎಂದೆ ನಾನು.

ಅವಳು ತಟ್ಟನೆ ಎದ್ದು ನಿಂತಳು. ನನ್ನನ್ನು ಕಂಡು ಎದ್ದು ನಿಂತ ಹುಡುಗಿಯರನ್ನು ಸಾವಿರ ನೋಡಿದ್ದೇನೆ. ಇಷ್ಟು ಕೆಟ್ಟದಾಗಿ ಯಾವತ್ತೂ ಅನ್ನಿಸಿರಲಿಲ್ಲ. "ಮತ್ತೆ ಬಂದ್ರೆ ಸಿಂಚುಗೆ ತೊಂದ್ರೆ ಆಗುತ್ತೇನೋ ಅಂತ ಆಂಟಿ."

ಕಂಡಕ್ಟರ್ ಬಂದ. "ಒರಡೋ ಟೈಮಾಯ್ತು ಕಣ್ರವ್ವ. ಟಿಕೆಟ್ ತಗತೀರೋ, ಇಳೀತೀರೋ?"

"ಇಳೀತೀವಿ" ಎಂದಳು ಸಿಂಚನ. ನನ್ನ ಕಡೆ ತಿರುಗಿ ಕೇಳಲಿಲ್ಲ. ನಾಲ್ಕು ತಿಂಗಳಲ್ಲಿ ನನ್ನನ್ನು ಕೇಳದೆ ಅವಳು ಏನನ್ನಾದರೂ ನಿರ್ಧರಿಸಿದ್ದು ಅವತ್ತೇ ಇರಬೇಕು.

ಐದೂ ಇಪ್ಪತ್ತಕ್ಕೆ ಮನೆ. ನೀರು ಕೊಟ್ಟು ಕೂರಿಸಿದೆ. ನನಗೆ ಗೊತ್ತಿರುವ ಮೊದಲ ಪ್ರಶ್ನೆಯನ್ನೇ ಕೇಳಿದೆ. "ಹೊಡೆದ್ರಾ?"

"ಇಲ್ಲ ಆಂಟಿ. ಹೊಡೆದಿದ್ರೆ ಹೇಳೋಕೆ ಒಂದು ವಿಷಯ ಆದ್ರೂ ಇರ್ತಿತ್ತು."

ಎರಡು ತಿಂಗಳಿಂದ ಆ ಮನೆಯಲ್ಲಿ ಯಾರೂ ಅವಳ ಜೊತೆ ಮಾತಾಡುತ್ತಿಲ್ಲ. ತಪ್ಪೇನೆಂದೂ ಹೇಳಿಲ್ಲ. ಅವಳು ಬಡಿಸಿ ಅಡುಗೆಮನೆಗೆ ಹೋದ ಮೇಲೆ ಬಂದು ಉಣ್ಣುತ್ತಾರೆ. ಅಂಗಡಿಗೆ ಹೋಗುವಾಗ ಹೊರಗಿನಿಂದ ಬೀಗ. ಅವತ್ತು ಬೆಳಗ್ಗೆ ಹಿತ್ತಲ ಬಾಗಿಲಿಗೆ ಬೀಗ ಹಾಕುವುದನ್ನು ಮರೆತಿದ್ದರು. ಅಲ್ಲಿ ಬಿದ್ದಿದ್ದ ಚಪ್ಪಲಿಗಳಲ್ಲಿ ಕಾಲಿಗೆ ಸಿಕ್ಕಿದ್ದನ್ನು ತುರುಕಿಕೊಂಡು ಓಡಿ ಬಂದಿದ್ದಳು.

"ಅಮ್ಮನ ಮನೆಗೆ ಯಾಕೆ ಹೋಗಲಿಲ್ಲ?"

"ತಂಗಿಗೆ ಗಂಡು ನೋಡ್ತಿದಾರೆ ಆಂಟಿ. ಅಮ್ಮ ನಾಳೆನೇ ಕರ್ಕೊಂಡು ಹೋಗಿ ಬಿಟ್ಟು ಬರ್ತಾರೆ. ಹೋದ ತಿಂಗಳು ಹಂಗೇ ಮಾಡಿದ್ರು."

ಆಗ ಸಿಂಚನ ಕಿಟಕಿಯ ಕಡೆ ನೋಡಿದಳು. "ಅತ್ತೆ, ಇವಳು ಹೊತ್ತು ಮುಳುಗಿದ ಮೇಲೆ ತಿನ್ನಲ್ಲ. ಅವರಲ್ಲಿ ಹಂಗೆ. ಬೆಳಗ್ಗಿಂದ ಏನೂ ತಿಂದಿಲ್ಲ. ನಾನು... ಈಗ ಅಡುಗೆ ಮಾಡ್ಬೋದಾ?"

ನಮ್ಮ ಮನೆಯಲ್ಲಿ ರಾತ್ರಿಯ ಅಡುಗೆಗೆ ಒಲೆ ಹಚ್ಚುವುದು ಏಳಕ್ಕೆ. ಸೊಸೆ ಅನುಮತಿ ಕೇಳುತ್ತಿದ್ದಳು. ಬೆಳಗ್ಗಿನಿಂದ ಉಪವಾಸವಿರುವ ಗೆಳತಿಗೆ ಒಂದು ಹಿಡಿ ಅನ್ನ ಬೇಯಿಸಲು!

ನಾನೇ ಎದ್ದೆ. ಅಕ್ಕಿ, ಹೆಸರುಬೇಳೆ ತೊಳೆದು ಕುಕ್ಕರಿಗಿಟ್ಟೆ. ಈರುಳ್ಳಿಗೆ ಕೈ ಹಾಕಿದಾಗ ಸಿಂಚನ ತಡೆದಳು. "ಈರುಳ್ಳಿ, ಆಲೂಗಡ್ಡೆ ಏನೂ ಬೇಡ. ಐದು ವರ್ಷ ನಮ್ಮಮ್ಮ ನನ್ನ ಡಬ್ಬಿಗೆ ಈರುಳ್ಳಿ ಹಾಕ್ಲಿಲ್ಲ ಅತ್ತೆ, ಇವಳೂ ತಿಂತಾಳೆ ಅಂತ."

ಮೆಣಸು ಕುಟ್ಟುತ್ತಾ ಅವಳು ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದಳು.

"ಮಧ್ಯಾಹ್ನ ನಾನು ನಿದ್ದೆ ಮಾಡಿರ್ಲಿಲ್ಲ ಅತ್ತೆ. ಅವಳ ದನಿ ಥರ ಕೇಳಿಸ್ತು. ಭ್ರಮೆ ಅಂದ್ಕೊಂಡೆ. ಎದ್ದು ಬಂದು ನೋಡೋಣ ಅನ್ನಿಸ್ತು. ಆದ್ರೆ... ಎರಡರಿಂದ ನಾಲ್ಕು ಅಲ್ವಾ."

ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಕೊಣನೂರಿನ ಆ ಮನೆಯವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆನಲ್ಲ, ಆ ಬೈಗುಳ ಅರ್ಧಕ್ಕೆ ನಿಂತಿತು. ನಾನು ಯಾರಿಗೂ ಬೀಗ ಹಾಕಿದವಳಲ್ಲ. ದನಿ ಎತ್ತಿದವಳೂ ಅಲ್ಲ. ಆದರೂ ನನ್ನ ಮನೆಯಲ್ಲಿ ಒಬ್ಬ ಹುಡುಗಿ ಪ್ರಾಣಸ್ನೇಹಿತೆಯ ದನಿ ಕೇಳಿಯೂ ಹಾಸಿಗೆಯಿಂದ ಏಳಲು ಹೆದರಿ ಮಲಗಿದ್ದಳು. ಹೆದರಿಸಿದ್ದು ನಾನೇ ಎಂದು ನನಗೆ ಗೊತ್ತೂ ಇರಲಿಲ್ಲ. ಹೆದರಿಸುವವರಿಗೆ ಯಾವತ್ತಾದರೂ ಗೊತ್ತಿರುತ್ತದೆಯೇ?

ಆರಕ್ಕೆ ತಟ್ಟೆ ಹಾಕಿದೆ. ಹೊರಗೆ ಇನ್ನೂ ಬೆಳಕಿತ್ತು. ಪದ್ಮಿನಿ ಎರಡು ತುತ್ತು ತಿಂದಿರಬಹುದು, ಸಿಂಚನಳ ಫೋನು ಹೊಡೆದುಕೊಂಡಿತು. ಅವಳು ನಂಬರು ನೋಡಿ ನನ್ನ ಕಡೆ ನೋಡಿದಳು. ಪದ್ಮಿನಿಯ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು.

ನಾನು ತೆಗೆದುಕೊಂಡೆ.

"ನಮಸ್ಕಾರ ಅಮ್ಮ. ತೊಂದರೆ ಕೊಡ್ತಿದೀನಿ. ನಮ್ಮ ಮನೆಯವರು ಅಲ್ಲಿಗೇನಾದ್ರೂ ಬಂದಿದಾರಾ?" ಬಹಳ ವಿನಯದ ದನಿ.

"ಬಂದಿದಾಳೆ. ಊಟಕ್ಕೆ ಕೂತಿದಾಳೆ."

"ಕಾರಿದೆ ಅಮ್ಮ. ಈಗಲೇ ಬಂದು ಕರ್ಕೊಂಡು ಹೋಗ್ತೀನಿ."

"ನಾಳೆ ಹತ್ತು ಗಂಟೆಗೆ ಬನ್ನಿ. ಅವರಪ್ಪ ಅಮ್ಮನೂ ಬರಲಿ. ಎಲ್ಲರ ಎದುರಿಗೆ ಅವಳು ಮಾತಾಡ್ತಾಳೆ. ಬರೋದೋ ಬಿಡೋದೋ ಅವಳೇ ಹೇಳಲಿ."

"ಸರಿ ಅಮ್ಮ. ನಿಮ್ಮಿಷ್ಟ" ಎಂದ. ಫೋನು ಇಟ್ಟ.

ಗದರಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಗದರುವವರನ್ನು ನಿಭಾಯಿಸಿ ಅಭ್ಯಾಸವಿದೆ. ಆ "ನಿಮ್ಮಿಷ್ಟ" ಎಂಬುದನ್ನು ನಿಭಾಯಿಸಿ ಅಭ್ಯಾಸವಿಲ್ಲ. ನಾಳೆ ಎಷ್ಟು ಜನ ಬರುತ್ತಾರೆ? ಅವಳ ಅಮ್ಮ ಯಾರ ಪಕ್ಕದಲ್ಲಿ ಕೂರುತ್ತಾಳೆ? ನಮ್ಮ ಮನೆಯ ಗಂಡಸರು ಬಂದು ಬೇರೆಯವರ ಮನೆ ವಿಷಯ ನಮಗ್ಯಾಕೆ ಎಂದರೆ? "ತಿನ್ನಮ್ಮ, ಬೆಳಕಿರೋವಾಗಲೇ ತಿಂದುಬಿಡು" ಎಂದೆ. ತಿಂದಳು.

ತಟ್ಟೆ ತೊಳೆದಿಟ್ಟೆ. ಹೋಗಿ ಗೇಟಿಗೆ ಬೀಗ ಹಾಕಿದೆ, ಎರಡು ಸಲ ಎಳೆದು ನೋಡಿದೆ. ಹಾಲಿನಲ್ಲಿ ಹಾಸಿಗೆ ಬಿಡಿಸಿ ಹೊಸ ಹೊದಿಕೆ ಹಾಸಿದೆ. ಆರೂ ನಲವತ್ತು. ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಪದ್ಮಿನಿ ಹಾಸಿಗೆಯ ಅಂಚಿನಲ್ಲಿ, ಬ್ಯಾಗು ತೊಡೆಯ ಮೇಲಿಟ್ಟುಕೊಂಡೇ ಕೂತಳು. "ಆಂಟಿ, ನಾನು ಇಲ್ಲಿ ಎಷ್ಟು ದಿನ ಇರಬಹುದು?" ಎಂದು ಕೇಳಿದಳು.

ನನ್ನ ಮಗನ ಗೆಳೆಯರು ಎಷ್ಟೋ ಜನ ಇದೇ ಹಾಲಿನಲ್ಲಿ ವಾರಗಟ್ಟಲೆ ಉಂಡು ಮಲಗಿ ಎದ್ದು ಹೋಗಿದ್ದಾರೆ. ಅವರಲ್ಲಿ ಒಬ್ಬನಾದರೂ ಈ ಪ್ರಶ್ನೆ ಕೇಳಿದ್ದನೇ?