ಅಮ್ಮನ ಮನೆಯ ಚೀಟಿ

ತುಮಕೂರಿನ ವಠಾರದಲ್ಲಿ ನಮ್ಮದು ಒಂದೂವರೆ ಕೋಣೆಯ ಮನೆ. ಆ ಅರ್ಧ ಕೋಣೆ ಎಲ್ಲಿತ್ತೆಂದು ನನಗೆ ಗೊತ್ತಿಲ್ಲ, ಬಾಡಿಗೆ ವಸೂಲಿಗೆ ಬರುವ ಮಾಲೀಕರ ಕಣ್ಣಿಗೆ ಮಾತ್ರ ಅದು ಬೀಳುತ್ತಿತ್ತು. ಏಳು ಸಂಸಾರಕ್ಕೆ ಒಂದೇ ನಲ್ಲಿ, ಒಂದೇ ಬಚ್ಚಲು. ಸ್ನಾನಕ್ಕೆ ಸರದಿ ಕಾಯುವುದೆಂದರೆ ಅಮ್ಮನಿಗೆ ಪ್ರಾಣಸಂಕಟ. ನಮ್ಮದೇ ಅಂತ ಒಂದು ಬಚ್ಚಲಿದ್ದರೆ ಸಾಕು, ಮಿಕ್ಕ ಮನೆ ಹೇಗಿದ್ದರೂ ನಡೆದೀತು ಎನ್ನುತ್ತಿದ್ದಳು.

ಗುಬ್ಬಿಯ ತವರಿನವರು ಹಾಕಿದ್ದ ಎರಡು ಬಳೆ ಮಾರಿ ಅವಳು ಶೆಟ್ಟಿಹಳ್ಳಿಯಲ್ಲಿ ಒಂದು ಸೈಟು ಕೊಂಡಿದ್ದಳು. ಆಗ ಅದು ಊರಾಚೆ, ಪಕ್ಕದಲ್ಲೇ ರಾಗಿ ಹೊಲ. ಭಾನುವಾರ ನಾವಿಬ್ಬರೂ ನಡೆದುಕೊಂಡು ಹೋಗಿ ಮುಳ್ಳು ಕಿತ್ತು ಬರುತ್ತಿದ್ದೆವು. ಅಮ್ಮ ಕಡ್ಡಿಯಿಂದ ಗೆರೆ ಎಳೆದು ಇದು ಅಡುಗೆಮನೆ, ಇದು ಬಚ್ಚಲು ಎಂದು ತೋರಿಸುತ್ತಿದ್ದಳು. ಪ್ರತಿ ಸಲವೂ ಬಚ್ಚಲೇ ದೊಡ್ಡದಾಗುತ್ತಿತ್ತು, ನಾನು ನಗುತ್ತಿದ್ದೆ. ಆ ಗೆರೆಗಳೊಳಗೆ ಇನ್ನೊಂದು ಸಲ ಅವಳ ಜೊತೆ ಓಡಾಡಬೇಕೆಂದು ಈಗಲೂ ಮನಸ್ಸು ಹಂಬಲಿಸುತ್ತದೆ.

ಕಟ್ಟುವುದಕ್ಕೆ ದುಡ್ಡೆಲ್ಲಿ? ಅಪ್ಪ ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುವ ದಿನಗೂಲಿಯವರು. ಸೊಸೈಟಿಯವರು ಮನೆಗೆ ಸಾಲ ಕೊಡುತ್ತಿದ್ದರು, ಆದರೆ ಸಂಬಳದ ಸರ್ಟಿಫಿಕೇಟು ಬೇಕು, ಸಂಬಳದವರೇ ಇಬ್ಬರು ಜಾಮೀನು ನಿಲ್ಲಬೇಕು. ಒಂದು ತಿಂಗಳೂ ಬಾಡಿಗೆ ತಪ್ಪಿಸದ ಮನುಷ್ಯ ಸಾಲ ತೀರಿಸಲಾರ ಎಂದು ಅವರಿಗೆ ಯಾರು ಹೇಳಿದರೋ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಸಾಹುಕಾರರು ಕೊಡಲು ತಯಾರಿದ್ದರು, ಆದರೆ ಸೈಟಿನ ಪತ್ರ ಅವರ ಪೆಟ್ಟಿಗೆ ಸೇರಬೇಕು. ಅಮ್ಮ ಒಪ್ಪಲಿಲ್ಲ. ಕೂಲಿಯವರೂ ಕೈಲಾದಷ್ಟು ಕಟ್ಟಿಕೊಂಡು ಹೋಗುವಂಥ ಇನ್ನೊಂದು ದಾರಿ ಯಾರಿಗೂ ಹೊಳೆಯಲಿಲ್ಲ. ಉಳಿದದ್ದು ಹೆಂಗಸರ ಚೀಟಿ ಒಂದೇ.

ನಮ್ಮ ಬೀದಿಯ ವಠಾರಗಳವರೆಲ್ಲ ಸೇರಿ ಐದು ವರ್ಷದ ದೊಡ್ಡ ಚೀಟಿ ಹಾಕಿದ್ದರು. ತಿಂಗಳಿಗೊಬ್ಬರು ಎತ್ತಬೇಕು. ಮದುವೆ, ಬಾಣಂತನ, ಕಾಯಿಲೆ ಇದ್ದ ಮನೆಯವರಿಗೆ ಮೊದಲು ಬಿಟ್ಟುಕೊಡುವುದು ಅವರ ಪದ್ಧತಿ. ಮನೆ ಕಟ್ಟುವುದು ಆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಮ್ಮ ಕೇಳಬೇಕೆಂದು ಹೊರಟಾಗಲೆಲ್ಲ ಯಾರದೋ ಮಗಳಿಗೆ ಗಂಡು ಗೊತ್ತಾಗಿರುತ್ತಿತ್ತು, ಇಲ್ಲವೇ ಯಾರದೋ ಗಂಡ ಆಸ್ಪತ್ರೆ ಸೇರಿರುತ್ತಿದ್ದ. ಅವಳು ಸುಮ್ಮನೆ ಎದ್ದು ಬರುತ್ತಿದ್ದಳು. ಹೀಗೆ ಅವಳ ಸರದಿ ಐದನೆಯ ವರ್ಷದ ಕೊನೆಗೆ ಬಂತು. ಗಾರೆಯವನನ್ನು ಕರೆಸಿ ಮಾತಾಡಿಯೂ ಆಗಿತ್ತು.

ಅದೇ ತಿಂಗಳು ಕುಣಿಗಲ್ಲಿನಿಂದ ನನಗೆ ಸಂಬಂಧ ಬಂತು. ಹುಡುಗ ಆಫೀಸಿನಲ್ಲಿ ಗುಮಾಸ್ತೆ. ಒಂದು ವರ್ಷ ತಡೆಯುತ್ತೇವೆಂದು ಅವರೇ ಅಂದಿದ್ದರು. ಅಮ್ಮ ನನ್ನನ್ನು ಒಳಗೆ ಕರೆದು ಕೇಳಿದಳು, “ತಡೀಲಾ, ಈಗ್ಲೇ ಮಾಡ್ಲಾ? ನೀನೇ ಹೇಳು.”

ಹುಡುಗ ನನಗೆ ಬಹಳ ಹಿಡಿಸಿದ್ದ. ತಲೆ ತಗ್ಗಿಸಿ ಸುಮ್ಮನೆ ನಿಂತೆ. ನನ್ನ ಮೌನವನ್ನು ಅವಳು ಸರಿಯಾಗಿಯೇ ಅರ್ಥ ಮಾಡಿಕೊಂಡಳು. ಚೀಟಿಯ ದುಡ್ಡು ನನ್ನ ಮದುವೆಗೆ ಹೋಯಿತು, ಅದು ಸಾಲದೆ ಸೈಟನ್ನೂ ಮಾರಬೇಕಾಯಿತು.

ಏಳೆಂಟು ವರ್ಷದ ಮೇಲೆ ಕುಣಿಗಲ್ಲಿನಲ್ಲಿ ನಾವು ಮನೆ ಕಟ್ಟಿದೆವು. ಸಂಬಳದ ಸರ್ಟಿಫಿಕೇಟು, ಆಫೀಸಿನ ಇಬ್ಬರ ಸಹಿ, ಒಂದು ಅರ್ಜಿ. ಮೂರು ತಿಂಗಳಲ್ಲಿ ಸೊಸೈಟಿ ಸಾಲ ಕೈಗೆ ಬಂತು. ಗೃಹಪ್ರವೇಶದ ದಿನ ಅಮ್ಮ ಊಟಕ್ಕೆ ಮೊದಲು ಬಚ್ಚಲಿಗೆ ಹೋಗಿ ನಿಂತಳು. ಬಾಗಿಲು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು, “ಇದಕ್ಕೆ ಎಷ್ಟು ವರ್ಷ ಚೀಟಿ ಕಟ್ಟಿದ್ರಿ?”

ಒಂದು ಅರ್ಜಿಗೇ ಆಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳಿಗೆ ನೋವಾಗದಿರಲಿ ಎಂದು ಆರು ವರ್ಷ ಅಂದುಬಿಟ್ಟೆ.

ಅಮ್ಮ ಗೋಡೆ ಸವರಿದಳು. “ಹಂಗಾರೆ ನಂದೇ ತಪ್ಪು ಕಣೇ,” ಅಂದಳು. “ನಾನು ಐದಕ್ಕೇ ಕೈ ಬಿಟ್ನಲ್ಲ.”