ಎರಡು ಕಾರು, ಎಂಟು ನಿಂಬೆಹಣ್ಣು

ದೊಡ್ಡಬಳ್ಳಾಪುರದ ನಮ್ಮ ಮನೆಯ ಶೆಡ್ಡಿನಲ್ಲಿ ಇಬ್ಬರೇ ಕೂರುವ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದಿದೆ. ಮಾವನವರ ಕಾಲದ್ದು. ಯಜಮಾನರು ಎಷ್ಟೋ ಭಾನುವಾರಗಳನ್ನು ಅದರ ಅಡಿಯಲ್ಲಿ ಮಲಗಿಯೇ ಕಳೆದಿದ್ದಾರೆ. ಈಚೆಗೆ ಅವರ ಎಡ ಮೊಣಕಾಲು ಕ್ಲಚ್ ಒತ್ತಲು ಬಿಡುತ್ತಿರಲಿಲ್ಲ. ಹೋದ ಆಯುಧಪೂಜೆಯ ಮರುದಿನ ಕೊಳ್ಳುವವರು ಬಂದು ಕಾರನ್ನು ಒಯ್ಯುವುದೆಂದು ಮಾತಾಗಿತ್ತು. ಮೂರು ದಿನದಿಂದ ಯಜಮಾನರು ಎರಡನೇ ಸಲ ಅನ್ನ ಹಾಕಿಸಿಕೊಂಡಿರಲಿಲ್ಲ.

ಹಬ್ಬಕ್ಕೆ ಮೈದುನ ತನ್ನ ಹೊಸ ಕಾರಿನಲ್ಲಿ ಬಂದ. ಬೂದು ಬಣ್ಣದ್ದು, ಬಲು ವೇಗದ್ದು. ಬೆಳಿಗ್ಗೆಯೇ ನನ್ನನ್ನು ದೇವನಹಳ್ಳಿ ರಸ್ತೆಯಲ್ಲಿ ಒಂದು ಸುತ್ತು ಕರೆದೊಯ್ದ. ಸೀಟು ಬೆನ್ನನ್ನು ಅಪ್ಪಿ ಹಿಡಿಯಿತು. ಮಡಿಲಲ್ಲಿದ್ದ ಹೂವಿನ ಪೊಟ್ಟಣ ಅಲುಗಲಿಲ್ಲ, ಮರಗಳು ಮಾತ್ರ ಹಿಂದೆ ಓಡಿದವು. ಹಳೆಯದರಲ್ಲಿ ಅದರ ಅರ್ಧ ವೇಗಕ್ಕೇ ಎದೆ ಡವಗುಟ್ಟುತ್ತದೆ. ಪೆಟ್ರೋಲ್ ವಾಸನೆ ಸೀರೆಗೆ ಅಂಟುತ್ತದೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ ಬೆನ್ನು ನೆಟ್ಟಗಿಟ್ಟು ಕೂರಲು ಅದರಲ್ಲಿ ಆಗುವುದೇ ಇಲ್ಲ.

"ಯಾವ್ದು ಚೆನ್ನಾಗಿದೆ ಹೇಳಿ ಅತ್ತಿಗೆ?"

"ನಿಂದೇ ಕಣಪ್ಪ," ಎಂದೆ. ಸುಳ್ಳಲ್ಲ.

ಎರಡಕ್ಕೂ ಅರಿಶಿನ ಕುಂಕುಮವಿಟ್ಟು, ಮುಂದೆ ಬಾಳೆಕಂದು ಕಟ್ಟಿ, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟೆ. ಮೈದುನ ಹೊಸದನ್ನು ಹೊರಡಿಸಿದ. ಅದು ಕುಂಯ್ ಕುಂಯ್ ಎಂದು ಕೂಗಿ ತಾನೇ ಬ್ರೇಕ್ ಹಾಕಿಕೊಂಡಿತು. ಮುಂದೆ ತೂಗುತ್ತಿದ್ದ ಬಾಳೆ ಎಲೆಯನ್ನು ಕಂಡು ಯಾರೋ ಅಡ್ಡ ಬಂದರೆಂದು ತಿಳಿದಿತ್ತು.

"ಎಲೆ ಕಂಡ್ರೆ ನಿನ್ ಕಾರು ಊಟಕ್ಕೆ ಕೂತ್ಬಿಡುತ್ತೇನೋ!" ಯಜಮಾನರು ನಕ್ಕರು.

"ನಿಂದನ್ನ ಹೊರಡ್ಸು ನೋಡೋಣ, ಅಣ್ಣ."

ನಗು ನಿಂತಿತು. ಅವರ ಕೈ ಮೊಣಕಾಲಿಗೆ ಹೋಯಿತು.

ನಾನು ಸೆರಗು ಸಿಕ್ಕಿಸಿಕೊಂಡು ಕೆಂಪು ಕಾರಿನೊಳಗೆ ಕೂತೆ. ಅಲ್ಲಿಯವರೆಗೆ ಮನೆಯ ಸಣ್ಣ ಕಾರನ್ನಷ್ಟೇ ಓಡಿಸಿದವಳು.

"ಬೇಡ ಕಣೇ, ಆ ಕ್ಲಚ್ಚು ಕಲ್ಲಿದ್ದಂಗೆ."

ಮೊದಲ ಸಲ ಕಾರು ಜಗ್ಗಿ ಆಫ್ ಆಯಿತು. ಅವರು ಬಾಗಿಲ ಬಳಿ ಬಗ್ಗಿ, "ನಿಧಾನ್ಕೆ ಬಿಡು... ಇನ್ನೂ ನಿಧಾನ್ಕೆ," ಎನ್ನುತ್ತಿದ್ದರು. ಎರಡನೇ ಸಲ ನಾಲ್ಕೂ ನಿಂಬೆಹಣ್ಣು ಪಚಕ್ಕೆಂದವು. ಗೇಟಿನ ತನಕ ಹೋಗಿ ನಿಲ್ಲಿಸಿದೆ.

ಅವರು ಮೆಲ್ಲಗೆ ಬಂದು ಪಕ್ಕದ ಸೀಟಿಗಿಳಿದರು. ಆ ಸೀಟಿನಲ್ಲಿ ಅವರು ಕೂತದ್ದನ್ನು ನಾನು ಕಂಡಿರಲಿಲ್ಲ.

"ದೇವನಹಳ್ಳಿ ತನಕ ಹೊಡೀತೀಯಾ?"

"ಹೊಡೀತೀನಿ. ಮೊದ್ಲು ಅವ್ರಿಗೆ ಫೋನ್ ಮಾಡ್ರೀ."

ಕೊಳ್ಳುವವರಿಗೆ ಬೇಸರವಾಗಿರಬೇಕು, ಇವರು ಎರಡು ಸಲ "ತಪ್ಪಾಯ್ತು ಸಾರ್" ಎಂದರು.

ಮಧ್ಯಾಹ್ನ ಅನ್ನಕ್ಕೆ ಮತ್ತೆ ತಟ್ಟೆ ಚಾಚಿದರು. ಬಡಿಸುತ್ತಿದ್ದ ನನ್ನ ಎಡಗಾಲು ಇನ್ನೂ ನಡುಗುತ್ತಿತ್ತು.