ಅಪ್ಪನ ಗಡ್ಡ ಮೀಸೆಗಳು

ನಿನ್ನೆ ಕನಸಿನಲ್ಲಿ ತೀರಿಹೋದ ಅಪ್ಪ ಬಾಗಿಲಿಗೆ ಬಂದಿದ್ದರು. ನಾನು "ಯಾರು ಬೇಕಾಗಿತ್ರಿ?" ಅಂದೆ. ಎದ್ದಾಗಿನಿಂದ ಅವರ ಮುಖವೇ ನೆನಪಾಗುತ್ತಿಲ್ಲ.

ಹಾನಗಲ್ ಕಡೆಯ ನಮ್ಮೂರ ನಾಟಕಗಳಲ್ಲಿ ಹೀರೋಗಳು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು. ಅಪ್ಪ ಮಾತ್ರ ಎಲ್ಲ ನಾಟಕಗಳಲ್ಲೂ ಇರುತ್ತಿದ್ದರು. ಒಮ್ಮೆ ಫೌಜದಾರ, ಒಮ್ಮೆ ಸಾಧು, ಒಮ್ಮೆ ಹೀರೋಯಿನ್‌ನ ಅಪ್ಪ. ನಾಟಕ ಮುಗಿಸಿ ಬಂದಾಗ ಕೆನ್ನೆಗೆ ಅಂಟಿಸಿದ್ದ ಗಡ್ಡವನ್ನು ಎಣ್ಣೆ ಹಚ್ಚಿ ಬಿಡಿಸುತ್ತಾ ಅವ್ವ ಛೇಡಿಸುತ್ತಿದ್ದಳು, "ಒಮ್ಮೆರ ಹೀರೋ ಆಗ್ರಿ, ನೋಡೂನು."

"ಹೀರೋಗ ವಯಸ್ಸಾದ್ರ ಮನೀಗೆ ಕಳಸ್ತಾರ. ನನಗ ಮುದುಕನ ಪಾರ್ಟು ಸಿಗತೈತಿ, ಸುಮ್ನಿರು."

ಇವತ್ತು ಊರಿನವರೊಬ್ಬರು ಈ ವಾಟ್ಸಾಪ್ ಗ್ರೂಪಿನಲ್ಲಿ ಆ ನಾಟಕದವರ ಹಳೆಯ ಫೋಟೋ ಹಾಕಿದ್ದಾರೆ. ನಮ್ಮ ಮನೆಯಲ್ಲಿ ಅಪ್ಪನದೊಂದೂ ಫೋಟೋ ಇಲ್ಲ. ಈ ಫೋಟೋದ ನಡುವೆ ಹೀರೋ ಸ್ಪಷ್ಟವಾಗಿದ್ದಾನೆ. ಹಿಂದಿನ ಸಾಲಿನಲ್ಲಿ ಗಡ್ಡದವರು ಇಬ್ಬರು. ಎಷ್ಟು ನೋಡಿದರೂ ಅಪ್ಪ ಯಾರೆಂದು ಗೊತ್ತಾಗಲಿಲ್ಲ, ಅಳುವೂ ಬರಲಿಲ್ಲ. ಗೊತ್ತಿದ್ದವರು ದಯವಿಟ್ಟು ಇನ್ನೊಮ್ಮೆ ನೋಡಿ ಹೇಳಿ, ಎಡಗಡೆಯವರು ನಮ್ಮಪ್ಪನೇ ಹೌದಾ?